ಬಂದರಿನ ಸೇತುವೆ ಇನ್ನೂ ತೆರೆಯುತ್ತಿರುವಾಗಲೇ

ಬಂದರು, ಲೋಕೋಪಯೋಗಿ ಮತ್ತು ನಗರಾಡಳಿತದ ಹೊಣೆ ಹೊತ್ತವರಿಗೆ, ಹಾಗೂ ಆ ಸೇತುವೆಯ ಮೇಲೆಯೂ ಕೆಳಗೂ ದಿನನಿತ್ಯ ಹಾದುಹೋಗುವ ಎಲ್ಲರಿಗೂ,

ಮಾನ್ಯರೇ,

ತೆರೆಯುವ ಸೇತುವೆಯೊಂದರ ಯಂತ್ರಕೋಣೆಯಲ್ಲಿ ನನ್ನ ದುಡಿಮೆಯ ಬಹುಪಾಲು ಕಳೆಯಿತು. ಹಡಗು ಬಂತೆಂದರೆ ಗಂಟೆ ಬಾರಿಸುವುದು, ರಸ್ತೆಗೆ ಅಡ್ಡಗಂಬ ಇಳಿಸುವುದು, ಕೊನೆಯ ಸೈಕಲ್ ದಾಟಿತೇ ಎಂದು ಕಣ್ಣಾರೆ ನೋಡುವುದು, ಬೀಗದ ಸರಳುಗಳನ್ನು ಹಿಂದಕ್ಕೆ ಸರಿಸುವುದು, ಆಮೇಲೆ ಮೋಟಾರು ಚಾಲೂ ಮಾಡುವುದು. ಈ ಕ್ರಮವನ್ನು ಎಷ್ಟು ಸಾವಿರ ಸಲ ಮಾಡಿದ್ದೇನೋ ಲೆಕ್ಕವಿಟ್ಟಿಲ್ಲ. ನಾನೀಗ ನಿವೃತ್ತನಾಗಿದ್ದೇನೆ. ಸೇತುವೆಗೂ ವಯಸ್ಸಾಗಿದೆ. ಅದನ್ನು ತೆಗೆದು ಹೊಸದನ್ನು ಕಟ್ಟುವ ಯೋಜನೆ ತಯಾರಾಗುತ್ತಿದೆ ಎಂದು ಕೇಳಿದ ದಿನದಿಂದ ಒಂದು ಮಾತು ನನ್ನನ್ನು ನಿದ್ದೆಗೆಡಿಸಿದೆ. ಹೊಸ ಸೇತುವೆಯ ಚಿತ್ರ ಬರೆಸುವ ಮುನ್ನ, ಅದು ಮುಚ್ಚಿಕೊಂಡಿರುವಾಗ ನೀರಿನಿಂದ ಎಷ್ಟು ಎತ್ತರದಲ್ಲಿರಬೇಕು ಎಂಬುದನ್ನು ತೀರ್ಮಾನಿಸಿ. ಆ ತೀರ್ಮಾನವನ್ನು ಹಳೆಯ ಸೇತುವೆ ಇನ್ನೂ ತೆರೆಯುತ್ತ ಮುಚ್ಚುತ್ತ ಇರುವಾಗಲೇ ಮಾಡಿ. ಈ ಪತ್ರವನ್ನು ಬರೆಯುತ್ತಿರುವುದು ಈ ಎರಡು ಮಾತುಗಳಿಗಾಗಿ.

ಮೊದಲು ಇದು ಎಂಥ ವಸ್ತು ಎಂಬುದನ್ನು ಹೇಳಬೇಕು. ಕಚೇರಿಯ ಕಡತದಲ್ಲಿ ಇದು 'ಸೇತುವೆ' ಎಂಬ ಶೀರ್ಷಿಕೆಯ ಕೆಳಗೆ ಬರುತ್ತದೆ, ಹಾಗಾಗಿ ಅದನ್ನು ನೋಡುವ ಕಣ್ಣೂ ಸೇತುವೆ ನೋಡುವ ಕಣ್ಣೇ ಆಗಿಬಿಡುತ್ತದೆ. ಉಳಿದ ಸೇತುವೆಗಳು ನಿಂತಲ್ಲೇ ನಿಂತು ಭಾರ ಹೊರುತ್ತವೆ. ಇದು ಭಾರ ಹೊರುವುದರ ಜೊತೆಗೆ ತಾನೇ ಎದ್ದು ಹಡಗಿಗೆ ದಾರಿ ಬಿಡಬೇಕು, ಮತ್ತೆ ಬಂದು ಕೂದಲೆಳೆಯಷ್ಟೂ ಆಚೀಚೆಯಾಗದೆ ತನ್ನ ಜಾಗದಲ್ಲಿ ಕೂರಬೇಕು. ಕದದ ಹಾಗೆ ಮೇಲೇಳುವ ಬಾಸ್ಕ್ಯೂಲ್ ಸೇತುವೆಯಾಗಲಿ, ನಡುಗಂಬದ ಮೇಲೆ ಅಡ್ಡಲಾಗಿ ತಿರುಗುವ ಸೇತುವೆಯಾಗಲಿ, ಎರಡು ಗೋಪುರಗಳ ನಡುವೆ ಲಿಫ್ಟಿನಂತೆ ನೇರವಾಗಿ ಏರುವ ಸೇತುವೆಯಾಗಲಿ, ಗುಟ್ಟೆಲ್ಲ ತೂಕದ ಸಮತೋಲನದಲ್ಲಿದೆ. ಮೇಲೇಳುವ ಸೇತುವೆಗಳಲ್ಲಂತೂ ಅದು ಅಕ್ಷರಶಃ ತಕ್ಕಡಿ. ಒಂದು ಕಡೆ ನೂರಾರು ಟನ್ ತೂಗುವ ರಸ್ತೆ, ಇನ್ನೊಂದು ಕಡೆ ಅಷ್ಟೇ ಬಲದಿಂದ ಎಳೆಯುವ ಕಾಂಕ್ರೀಟಿನದೋ ಬೀಡುಕಬ್ಬಿಣದ್ದೋ ಪ್ರತಿಭಾರ. ಇವೆರಡೂ ಸರಿತೂಗಿದ್ದರೆ ಮೋಟಾರಿಗೆ ಉಳಿಯುವುದು ಗಾಳಿ ಮತ್ತು ಘರ್ಷಣೆಯನ್ನು ಮೀರುವ ಕೆಲಸ, ನಿಂತ ಭಾರವನ್ನು ಕದಲಿಸುವ ಕೆಲಸ, ಅಷ್ಟೇ.

ಒಮ್ಮೆ ಏನಾಯಿತೆಂದರೆ, ರಸ್ತೆ ರಿಪೇರಿಗೆ ಬಂದ ಗುತ್ತಿಗೆದಾರರು ಏಳುವ ಭಾಗದ ಮೇಲೂ ಒಂದು ಪದರ ಡಾಂಬರು ಹಾಸಿ ಹೋದರು. ದಪ್ಪ ಹೆಚ್ಚಾದರೆ ರಸ್ತೆ ಗಟ್ಟಿಯಾಯಿತೆಂದೇ ಅವರ ಲೆಕ್ಕ. ಯಂತ್ರಕೋಣೆಗೆ ಯಾರೂ ತಿಳಿಸಲಿಲ್ಲ. ಮರುದಿನ ಹಡಗಿಗೆ ತೆರೆಯಲು ಹೋದಾಗ ಮೋಟಾರು ನರಳಿತು, ಫ್ಯೂಸ್ ಹಾರಿತು, ಹಡಗು ಹೊರಗೆ ಟಗ್ ದೋಣಿಗಳ ಆಸರೆಯಲ್ಲಿ ತೇಲುತ್ತ ಕಾಯಿತು. ಪ್ರತಿಭಾರದ ಗೂಡುಗಳಿಗೆ ಕಬ್ಬಿಣದ ತುಂಡುಗಳನ್ನು ಒಂದೊಂದಾಗಿ ಸೇರಿಸಿ ತೂಕ ಸರಿಪಡಿಸಲು ನಮಗೆ ದಿನಗಳೇ ಹಿಡಿದವು. ಬಣ್ಣದ ಮೇಲೆ ಬಣ್ಣ ಬಳಿದರೂ ಇದೇ ಕಥೆ, ಹೊಸ ಕಂಬಿಬೇಲಿ ಹಾಕಿದರೂ ಇದೇ ಕಥೆ. ಆ ಗುತ್ತಿಗೆದಾರರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ರಸ್ತೆಯ ವಿಭಾಗ ಬೇರೆ, ಯಂತ್ರದ ವಿಭಾಗ ಬೇರೆ, ಬಂದರಿನ ವಿಭಾಗ ಬೇರೆ ಎಂದು ಹಂಚಿಕೊಂಡ ಕಡೆಯಲ್ಲೆಲ್ಲ ಹೀಗೆಯೇ ಆಗುತ್ತದೆ. ಹೊಸ ಸೇತುವೆಯ ಯೋಜನೆಯನ್ನು ಮಾಡುವ ಮೇಜಿನ ಸುತ್ತಲೂ ಈ ಮೂರು ವಿಭಾಗದವರು ಮೊದಲ ದಿನದಿಂದಲೇ ಒಟ್ಟಿಗೆ ಕೂರಬೇಕು.

ಹಳೆಯ ಸೇತುವೆ ಏಕೆ ಸೋಲುತ್ತಿದೆ ಎಂಬುದನ್ನು ನಿಮ್ಮ ತಜ್ಞರು ವಿವರವಾಗಿ ಬರೆದುಕೊಡುತ್ತಾರೆ. ಉಪ್ಪುನೀರು ಎರಚುತ್ತ, ಒಣಗುತ್ತ, ಮತ್ತೆ ಎರಚುತ್ತ ಇರುವ ಪಟ್ಟಿಯಲ್ಲಿ ಉಕ್ಕು ಎಲ್ಲಕ್ಕಿಂತ ಬೇಗ ತಿನ್ನಿಹೋಗುತ್ತದೆ. ಕಂಬಗಳ ಬುಡದ ಮಣ್ಣನ್ನು ಹರಿವು ಕೊರೆದೊಯ್ಯುತ್ತದೆ. ಲಕ್ಷಾಂತರ ಲಾರಿಗಳ ಅದುರಿಗೆ ರಿವೆಟ್‌ಗಳ ಸುತ್ತ ಸಣ್ಣ ಬಿರುಕು ಹುಟ್ಟುತ್ತದೆ. ಹಲ್ಲುಚಕ್ರದ ಹಲ್ಲು ಸವೆದರೆ ಅದನ್ನು ಎರಕ ಹೊಯ್ದು ಕೊಡುವ ಕಾರ್ಖಾನೆಯೇ ಈಗ ಇಲ್ಲ, ಹಳೆಯ ವಿದ್ಯುತ್ ರಿಲೇಗಳಿಗೆ ಬಿಡಿಭಾಗ ಸಿಗುವುದಿಲ್ಲ. ಇದೆಲ್ಲ ನಿಜ. ಆದರೂ ಒಂದು ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು: ಸೋಲುತ್ತಿರುವುದು ಅಡಿಪಾಯವೇ, ಉಕ್ಕಿನ ಮೈಯೇ, ಯಂತ್ರವೇ? ಲಂಡನ್ನಿನ ಟವರ್ ಬ್ರಿಜ್ 1894ರಲ್ಲಿ ಉಗಿಯ ಬಲದಿಂದ ತೆರೆಯುತ್ತಿತ್ತು. 1970ರ ದಶಕದಲ್ಲಿ ಅದರ ಯಂತ್ರವನ್ನು ಬದಲಿಸಿ ವಿದ್ಯುತ್ತು ಮತ್ತು ಎಣ್ಣೆಯ ಒತ್ತಡದಿಂದ ನಡೆಯುವ ವ್ಯವಸ್ಥೆ ಮಾಡಿದರು. ಸೇತುವೆ ಅದೇ, ಇಂದಿಗೂ ತೆರೆಯುತ್ತಿದೆ. ಯಂತ್ರ ಮಾತ್ರ ಹಳತಾಗಿದ್ದರೆ ಯಂತ್ರವನ್ನು ಬದಲಿಸಿದರೆ ಸಾಕು. ಬುಡವೇ ಅಲುಗುತ್ತಿದ್ದರೆ ಎಷ್ಟು ಬಣ್ಣ ಬಳಿದರೂ ಪ್ರಯೋಜನವಿಲ್ಲ. ಈ ಪರೀಕ್ಷೆಯ ವರದಿಯನ್ನು ಪೂರ್ತಿಯಾಗಿ ಜನರ ಮುಂದಿಡಿ. ಬದಲಿಸಲೇಬೇಕು ಎಂದು ವರದಿ ಹೇಳಿದರೆ ಅದನ್ನು ಮೊದಲು ಒಪ್ಪುವವನು ನಾನೇ, ಏಕೆಂದರೆ ಬಿರುಕುಗಳನ್ನು ಕೈಯಿಂದ ಮುಟ್ಟಿ ನೋಡಿದ್ದೇನೆ.

ಈಗ ಕಾಲದ ಮಾತು. ಬದಲಿಸಬೇಕು ಎಂದು ಗೊತ್ತಾದ ಮೇಲೂ ಕಾಯುವುದರ ಬೆಲೆ ಎಷ್ಟೆಂದು ಹಲವು ಊರುಗಳು ಅನುಭವಿಸಿವೆ. ಅಮೆರಿಕದ ಸಿಯಾಟಲ್‌ನಲ್ಲಿ ಸೌತ್ ಪಾರ್ಕ್ ಎಂಬಲ್ಲಿ 1931ರ ಬಾಸ್ಕ್ಯೂಲ್ ಸೇತುವೆಯೊಂದಿತ್ತು. ಅದರ ಅಡಿಪಾಯದ ಕಂಬಗಳು ಗಟ್ಟಿ ನೆಲವನ್ನು ಮುಟ್ಟಿರಲಿಲ್ಲ. 2001ರ ಭೂಕಂಪ ಅದನ್ನು ಇನ್ನಷ್ಟು ಅಲುಗಿಸಿತು. ಸ್ಥಿತಿಗತಿಯ ಅಂಕಪಟ್ಟಿಯಲ್ಲಿ ನೂರಕ್ಕೆ ನಾಲ್ಕು ಅಂಕ ಸಿಗುವವರೆಗೂ ಹಣ ಹೊಂದಲಿಲ್ಲ. ಕೊನೆಗೆ 2010ರ ಜೂನ್ 30ರಂದು ಸೇತುವೆಯನ್ನು ಮುಚ್ಚಿದರು. ಹೊಸ ಸೇತುವೆಗೆ ಬೇಕಾದ ಹಣ ಪೂರ್ತಿಯಾಗಿ ಕೂಡಿಬಂದದ್ದು ಆಮೇಲೆ! ಹೊಸದು ತೆರೆದದ್ದು 2014ರ ಜೂನ್ 30ರಂದು. ಸರಿಯಾಗಿ ನಾಲ್ಕು ವರ್ಷ ಆ ಬಡಾವಣೆಯ ಅಂಗಡಿಗಳ ಮುಂದಿನ ಮುಖ್ಯರಸ್ತೆ ನೀರಿನಂಚಿನಲ್ಲಿ ಕೊನೆಗೊಳ್ಳುವ ರಸ್ತೆಯಾಗಿತ್ತು.

ನಮ್ಮ ದೇಶದ ಪಾಂಬನ್ ಸೇತುವೆಯ ಕಥೆ ನಿಮಗೆ ಗೊತ್ತು. 1914ರಲ್ಲಿ ತೆರೆದ ಆ ರೈಲು ಸೇತುವೆಯ ನಡುವಿನ, ಮೇಲೇಳುವ ಎರಡು ಕದಗಳನ್ನು ಕೊನೆಯವರೆಗೂ ಕೆಲಸಗಾರರು ಕೈಬಲದಿಂದಲೇ ತೆರೆಯುತ್ತಿದ್ದರು. 1964ರ ಡಿಸೆಂಬರಿನ ಚಂಡಮಾರುತ ಸೇತುವೆಯ ಬಹುತೇಕ ತೊಲೆಗಳನ್ನು ಕೊಚ್ಚಿಕೊಂಡು ಹೋದಾಗ ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ಅವರ ತಂಡ 46 ದಿನಗಳಲ್ಲಿ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿತು. ಆದರೆ ತುಕ್ಕಿನ ಎದುರು ಅಂಥ ಸಾಹಸ ನಡೆಯುವುದಿಲ್ಲ, ಅದು ಸದ್ದಿಲ್ಲದೆ ಕೆಲಸ ಮಾಡುತ್ತದೆ. 2022ರ ಡಿಸೆಂಬರಿನಲ್ಲಿ ಸುರಕ್ಷತೆಯ ಕಾರಣಕ್ಕೆ ಅದರ ಮೇಲೆ ರೈಲು ನಿಂತಿತು. ಪಕ್ಕದಲ್ಲೇ ಕಟ್ಟುತ್ತಿದ್ದ ಹೊಸ ಸೇತುವೆ ಉದ್ಘಾಟನೆಯಾದದ್ದು 2025ರ ಏಪ್ರಿಲ್ 6ರಂದು. ಅದರಲ್ಲಿ 72.5 ಮೀಟರ್ ಉದ್ದದ ಭಾಗವೊಂದು ನೇರವಾಗಿ 17 ಮೀಟರ್ ಮೇಲೇರುತ್ತದೆ. ನಡುವಿನ ಎರಡೂಕಾಲು ವರ್ಷ ರಾಮೇಶ್ವರಕ್ಕೆ ಹೋಗುವವರು ಮಂಟಪಂನಲ್ಲಿ ರೈಲು ಇಳಿದು ರಸ್ತೆಯ ಸೇತುವೆಯ ಮೂಲಕ ಹೋದರು. 1988ರಲ್ಲಿ ಕಟ್ಟಿದ ಆ ರಸ್ತೆ ಸೇತುವೆ ಇಲ್ಲದೆ ಹೋಗಿದ್ದರೆ ದ್ವೀಪ ಮತ್ತೆ ದ್ವೀಪವೇ ಆಗಿರುತ್ತಿತ್ತು. ನಿಮ್ಮ ಬಂದರಿನಲ್ಲಿ ಎರಡನೆಯ ದಾರಿ ಇದೆಯೇ?

ಇನ್ನೂ ಹಿಂದಕ್ಕೆ ಹೋದರೆ ಕಲ್ಕತ್ತೆಯ ಹಳೆಯ ಹೌರಾ ಸೇತುವೆ ಸಿಗುತ್ತದೆ. ಈಗಿನ ಉಕ್ಕಿನ ಸೇತುವೆಗೆ ಮುಂಚೆ ಅಲ್ಲಿದ್ದದ್ದು 1874ರ ತೇಲುವ ಸೇತುವೆ. ಹಡಗು ಬಂದಾಗ ಅದರ ನಡುವಿನ 200 ಅಡಿ ಭಾಗವನ್ನು ಬಿಚ್ಚಿ ಪಕ್ಕಕ್ಕೆ ಸರಿಸುತ್ತಿದ್ದರು, ಅಷ್ಟು ಹೊತ್ತು ರಸ್ತೆ ಬಂದ್. ಅದನ್ನು ಬದಲಿಸುವ ಯೋಚನೆಗೆ 1906ರಲ್ಲಿ ಸಮಿತಿ ಕುಳಿತಿತು. ಹದಿನಾರು ದಿನ ವಾಹನಗಳನ್ನು ಎಣಿಸಿದರು. ಅತಿ ಹೆಚ್ಚು ಸಂಚಾರವಿದ್ದ ದಿನ ಹದಿಮೂರು ವಾಹನಗಳಿಗೆ ಎಂಟರಂತೆ ಎತ್ತಿನ ಗಾಡಿಗಳೇ ಇದ್ದವು. ಸಮಿತಿಯ ಮೇಲೆ ಸಮಿತಿ ಬಂತು, ಮೊದಲ ಮಹಾಯುದ್ಧ ಬಂತು, ತೇಲುವ ಸೇತುವೆಗೇ ಮತ್ತೆ ಮತ್ತೆ ರಿಪೇರಿಯಾಯಿತು. ಹೊಸ ಸೇತುವೆ ತೆರೆದದ್ದು 1943ರಲ್ಲಿ. ಅದರ ಮೇಲೆ ಮೊದಲು ಓಡಿದ್ದು ಟ್ರಾಮ್ ಗಾಡಿ. ಮೂವತ್ತೇಳು ವರ್ಷ! ಈ ಕಥೆಯನ್ನು ನಾನು ಎರಡು ಕಾರಣಕ್ಕೆ ಮತ್ತೆ ಮತ್ತೆ ನೆನೆಯುತ್ತೇನೆ. ಒಂದು, ತಡ. ಇನ್ನೊಂದು, ಆ ಎಣಿಕೆ. ಎಣಿಸಿದ್ದು ತಪ್ಪಲ್ಲ, ಎಣಿಸಲೇಬೇಕು. ಆದರೆ ಎತ್ತಿನ ಗಾಡಿಗಳ ಲೆಕ್ಕ ಹಿಡಿದು ಕಟ್ಟಿದ ಸೇತುವೆ ಟ್ರಾಮನ್ನೂ ಹೊರಬೇಕಾಗುತ್ತದೆ ಎಂಬುದನ್ನು ಯೋಜನೆ ಮಾಡುವವರು ನೆನಪಿಡಬೇಕು. ನೀವು ಕಟ್ಟುವುದು ನೂರು ವರ್ಷಕ್ಕೆ. ಇಂದಿನ ವಾಹನಗಳ ಲೆಕ್ಕ ಹಿಡಿದು ರಸ್ತೆಯ ಅಗಲವನ್ನು ನಿರ್ಧರಿಸಿದರೂ, ಮುಂದೆ ರೈಲೋ ಟ್ರಾಮೋ ಬರಬಹುದೆಂದು ತೊಲೆಗಳಲ್ಲಿ ಶಕ್ತಿ ಇಟ್ಟಿರಬೇಕು, ಪ್ರತಿಭಾರದಲ್ಲಿ ಖಾಲಿ ಗೂಡುಗಳನ್ನು ಬಿಟ್ಟಿರಬೇಕು.

ಇನ್ನು ನನ್ನ ಮುಖ್ಯ ಮಾತಿಗೆ ಬರುತ್ತೇನೆ: ಎತ್ತರ.

ಮುಚ್ಚಿದ ಸೇತುವೆಯ ಕೆಳಗೆ ನೀರಿನವರೆಗೆ ಎಷ್ಟು ಜಾಗವಿದೆ ಎಂಬ ಒಂದೇ ಅಳತೆ ಉಳಿದ ಎಲ್ಲವನ್ನೂ ನಿರ್ಧರಿಸುತ್ತದೆ. ಸೇತುವೆ ತಗ್ಗಾಗಿದ್ದರೆ ಎರಡೂ ದಡದ ರಸ್ತೆಗಳು ನೇರವಾಗಿ ಬಂದು ಸೇರುತ್ತವೆ, ಮುದುಕರೂ ಮಕ್ಕಳೂ ನಡೆದು ದಾಟಬಹುದು, ಖರ್ಚೂ ಕಡಿಮೆ. ಆದರೆ ಪ್ರತಿಯೊಂದು ಮೀನುಗಾರಿಕೆ ದೋಣಿಗೂ, ಪ್ರತಿಯೊಂದು ಟಗ್ಗಿಗೂ ಸೇತುವೆ ಏಳಲೇಬೇಕು. ಎತ್ತರಿಸಿದರೆ ಸಣ್ಣ ದೋಣಿಗಳೆಲ್ಲ ಕೆಳಗೇ ಹಾದುಹೋಗುತ್ತವೆ, ತೆರೆಯುವ ಸಂದರ್ಭಗಳು ಕಡಿಮೆಯಾಗುತ್ತವೆ, ಯಂತ್ರ ಹೆಚ್ಚು ಕಾಲ ಬಾಳುತ್ತದೆ. ಆದರೆ ಅಷ್ಟು ಮೇಲಕ್ಕೆ ರಸ್ತೆಯನ್ನು ಏರಿಸಲು ಎರಡೂ ಕಡೆ ಉದ್ದನೆಯ ಏರುದಾರಿ ಬೇಕು. ರಸ್ತೆಯನ್ನು ನೂರಕ್ಕೆ ಐದರಂತೆ ಏರಿಸಿದರೆ ಹತ್ತು ಮೀಟರ್ ಎತ್ತರಕ್ಕೆ ಇನ್ನೂರು ಮೀಟರ್ ಉದ್ದದ ಏರುದಾರಿ. ಆ ಇನ್ನೂರು ಮೀಟರ್ ಯಾರ ಮನೆಯ ಮುಂದೆ ಗೋಡೆಯಾಗಿ ನಿಲ್ಲುತ್ತದೆ? ಯಾವ ಅಡ್ಡರಸ್ತೆಯನ್ನು ಕತ್ತರಿಸುತ್ತದೆ? ನಡೆಯುವವರ ಕಾಲಿಗೆ ಎಷ್ಟು ಹತ್ತಿಸುತ್ತದೆ? ನಕ್ಷೆಯಲ್ಲಿ ಇದು ಒಂದು ಗೆರೆಯಾಗಿ ಕಾಣುತ್ತದೆ. ದಡದ ಮೇಲೆ ಬದುಕುವವರಿಗೆ ಅದೇ ನೆರಳು, ಅದೇ ಸದ್ದು.

ಬೇರೆ ಊರುಗಳು ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ವಾಷಿಂಗ್ಟನ್ ಬಳಿ ಪೊಟೊಮ್ಯಾಕ್ ನದಿಯ ಮೇಲಿನ ವುಡ್ರೋ ವಿಲ್ಸನ್ ಸೇತುವೆಯನ್ನು ಬದಲಿಸುವಾಗ ಕೆಳಗಿನ ಜಾಗವನ್ನು 50 ಅಡಿಯಿಂದ 70 ಅಡಿಗೆ ಹೆಚ್ಚಿಸಿದರು. ಇಪ್ಪತ್ತು ಅಡಿ ಹೆಚ್ಚಿಸಿದ್ದರಿಂದ ವರ್ಷಕ್ಕೆ ತೆರೆಯುವ ಸಂಖ್ಯೆ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂಬುದು ಅವರ ಅಂದಾಜು. ಅಲ್ಲಿ ಹೆದ್ದಾರಿ ಹಾದುಹೋಗುತ್ತದೆ, ಹಾಗಾಗಿ ಆ ಉತ್ತರ ಅವರಿಗೆ ಸರಿ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಇದಕ್ಕೆ ತದ್ವಿರುದ್ಧ ಮಾಡಿದರು. 1939ರ ಹಳೆಯ ಸೇತುವೆಯ ಬದಲಿಗೆ 2021ರಲ್ಲಿ ತೆರೆದ ನೇರ ಏರುವ ಹೊಸ ಸೇತುವೆಯನ್ನು ಹಳೆಯದಕ್ಕಿಂತ ತಗ್ಗಾಗಿಯೇ ಕಟ್ಟಿದರು. ಟ್ರಾಮು, ಸೈಕಲ್ಲು, ನಡೆಯುವವರು ಸುಲಭವಾಗಿ ದಾಟಲಿ, ದಡದ ನೆಲ ಊರಿಗೆ ಸಿಗಲಿ ಎಂಬುದು ಅವರ ಆಯ್ಕೆ. ಎರಡೂ ಕಡೆಯವರು ಯಾರಿಗಾಗಿ ಕಟ್ಟುತ್ತಿದ್ದೇವೆ ಎಂದು ಮೊದಲು ನಿರ್ಧರಿಸಿಕೊಂಡರು, ಅಳತೆ ಆಮೇಲೆ ಬಂತು.

ತೆರೆಯುವ ತಾಪತ್ರಯವೇ ಬೇಡ, ಎತ್ತರದ ಸ್ಥಿರ ಸೇತುವೆ ಕಟ್ಟಿ ಮುಗಿಸಿಬಿಡೋಣ ಎನ್ನುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಅವರ ಮಾತಿನಲ್ಲಿ ಅರ್ಥವಿದೆ. ಯಂತ್ರವಿಲ್ಲದಿದ್ದರೆ ಯಂತ್ರದ ಖರ್ಚೂ ಇಲ್ಲ, ಕಾಯುವವರೂ ಇಲ್ಲ. ಆದರೆ ಸ್ಥಿರ ಸೇತುವೆ ಬಂದರಿನ ಬಾಗಿಲಿಗೆ ಶಾಶ್ವತವಾದ ಒಂದು ಚೌಕಟ್ಟು ಹಾಕುತ್ತದೆ. ನ್ಯೂಯಾರ್ಕ್ ಬಂದರಿನ ಬೇಯಾನ್ ಸೇತುವೆಯನ್ನು 1931ರಲ್ಲಿ ಕಟ್ಟುವಾಗ ನೀರಿನಿಂದ 151 ಅಡಿ ಎತ್ತರವೆಂದರೆ ಯಾವ ಹಡಗಿಗೂ ಸಾಲದೆ ಹೋಗದು ಎಂದೇ ಎಲ್ಲರೂ ಭಾವಿಸಿದ್ದಿರಬೇಕು. ಪನಾಮಾ ಕಾಲುವೆ ಅಗಲವಾಗಿ ದೊಡ್ಡ ಕಂಟೇನರ್ ಹಡಗುಗಳು ಬರತೊಡಗಿದಾಗ ಅದೇ ಕಮಾನಿನೊಳಗೆ ರಸ್ತೆಯನ್ನು 215 ಅಡಿಗೆ ಏರಿಸಬೇಕಾಯಿತು. ಆ ಕೆಲಸಕ್ಕೆ ನೂರು ಕೋಟಿ ಡಾಲರಿಗೂ ಮಿಕ್ಕಿ ಹಣ ಸುರಿಯಬೇಕಾಯಿತು. ಬಂದರಿಗೆ ಮುಂದಿನ ಐವತ್ತು ವರ್ಷದಲ್ಲಿ ಎಂಥ ಹಡಗು ಬೇಕಾಗುತ್ತದೆ, ಹಡಗು ಕಟ್ಟುವ, ರಿಪೇರಿ ಮಾಡುವ ಅಂಗಳಗಳು ಒಳಗೆ ಉಳಿಯುತ್ತವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಬಾಗಿಲಿಗೆ ಸ್ಥಿರವಾದ ಅಡ್ಡಪಟ್ಟಿ ಹಾಕಬೇಡಿ. ಒಳಗಿನ ಅಂಗಳದಲ್ಲಿ ಕೆಲಸ ಮಾಡುವವರ ಹೊಟ್ಟೆಪಾಡು ಹಡಗಿನ ಕೂವೆಮರದ ಎತ್ತರಕ್ಕೆ ಕಟ್ಟಿಕೊಂಡಿರುತ್ತದೆ.

ಇದನ್ನೆಲ್ಲ ನಿರ್ಧರಿಸಲು ಬೇಕಾದ ಮಾಹಿತಿ ದೂರದ ಸಲಹೆಗಾರರ ಬಳಿ ಇಲ್ಲ. ಅದು ಯಂತ್ರಕೋಣೆಯ ಲಾಗ್ ಪುಸ್ತಕಗಳಲ್ಲಿದೆ. ಪ್ರತಿ ಸಲ ಸೇತುವೆ ತೆರೆದಾಗ ನಾವು ದಿನಾಂಕ, ಸಮಯ, ಹಡಗಿನ ಹೆಸರು, ಒಳಗೆ ಹೋಯಿತೋ ಹೊರಗೆ ಬಂತೋ, ರಸ್ತೆ ಎಷ್ಟು ನಿಮಿಷ ನಿಂತಿತು, ಗಾಳಿ ಹೇಗಿತ್ತು, ಉಬ್ಬರವೋ ಇಳಿತವೋ ಎಂದು ಬರೆಯುತ್ತಿದ್ದೆವು. ಅದನ್ನು ಒಮ್ಮೆ ಕೂತು ಓದಿ. ಯಾವ ಎತ್ತರಕ್ಕೆ ಏರಿಸಿದರೆ ಎಷ್ಟು ಸಲ ತೆರೆಯುವುದು ತಪ್ಪುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇನ್ನೊಂದು ವಿಷಯವೂ ಕಾಣುತ್ತದೆ. ತಳ ಆಳವಾಗಿರುವ ದೊಡ್ಡ ಹಡಗುಗಳು ಬರುವುದು ಉಬ್ಬರ ಏರಿದಾಗ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತ ಹೋಗುತ್ತದೆ. ಹಾಗಾಗಿ ಎರಡು ವಾರಕ್ಕೊಮ್ಮೆ ಅದು ಕಚೇರಿಗೆ ಹೋಗುವ ಹೊತ್ತಿಗೇ ಬಂದು ಕೂರುತ್ತದೆ. ಆ ಬೆಳಗ್ಗೆಗಳಲ್ಲಿ ಸೇತುವೆಯ ಎರಡೂ ಕಡೆ ಜನ ಹಾರ್ನ್ ಒತ್ತುತ್ತ ನಮ್ಮನ್ನು ಶಪಿಸುತ್ತಾರೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಹಡಗಿಗೆ ಬ್ರೇಕ್ ಇಲ್ಲ. ಕಾಲುವೆಯೊಳಗೆ ಹೊಕ್ಕ ಹಡಗು ವೇಗ ಕಳೆದುಕೊಂಡರೆ ಚುಕ್ಕಾಣಿಯ ಮಾತು ಕೇಳುವುದಿಲ್ಲ, ಗಾಳಿ ಹೊಡೆದ ಕಡೆಗೆ ಹೋಗುತ್ತದೆ. ಟವರ್ ಬ್ರಿಜ್‌ನಲ್ಲಿ ಇಂದಿಗೂ ರಸ್ತೆಗಿಂತ ಹಡಗಿಗೇ ಮೊದಲ ಹಕ್ಕು, ಆದರೆ ಹಡಗಿನವರು 24 ಗಂಟೆ ಮುಂಚೆ ತಿಳಿಸಿರಬೇಕು. ಅಂಥ ನಿಯಮ, ಬಸ್ಸಿನವರಿಗೂ ಆಂಬುಲೆನ್ಸಿನವರಿಗೂ ಹಿಂದಿನ ದಿನವೇ ಸಿಗುವ ವೇಳಾಪಟ್ಟಿ, ಎರಡೂ ದಡದಲ್ಲಿ ಒಂದೊಂದು ಅಗ್ನಿಶಾಮಕ ಗಾಡಿ, ಇವನ್ನು ಮಾಡಲು ಹೊಸ ಸೇತುವೆಗೆ ಕಾಯಬೇಕಾಗಿಯೂ ಇಲ್ಲ. ಈಗಲೇ ಮಾಡಿ ನೋಡಿದರೆ ಕಾಯುವ ತೊಂದರೆಯಲ್ಲಿ ಎಷ್ಟು ಪಾಲು ಸೇತುವೆಯದು, ಎಷ್ಟು ಪಾಲು ನಮ್ಮ ವ್ಯವಸ್ಥೆಯದು ಎಂಬುದು ತಿಳಿಯುತ್ತದೆ.

ಹೊಸದನ್ನು ಎಲ್ಲಿ ಕಟ್ಟುವುದು ಎಂಬುದರಲ್ಲಿ ನನಗೆ ಹಟವೇ ಇದೆ ಎಂದುಕೊಳ್ಳಿ: ಹಳೆಯದರ ಪಕ್ಕದಲ್ಲಿ, ಹಳೆಯದು ನಡೆಯುತ್ತಿರುವಾಗಲೇ. ಪಕ್ಕದಲ್ಲಿ ಕಟ್ಟಿದರೆ ದಡದ ರಸ್ತೆಗಳನ್ನು ಸ್ವಲ್ಪ ಬಳಸಿ ತರಬೇಕು, ಜಮೀನು ಬೇಕು, ಹಡಗುಗಳು ಕೆಲವು ಕಾಲ ಎರಡು ಸೇತುವೆಗಳ ಕಿರಿದಾದ ಬಾಗಿಲು ದಾಟಬೇಕಾಗುತ್ತದೆ. ಅದೇ ಜಾಗದಲ್ಲಿ ಕಟ್ಟುವುದು ಕಾಗದದ ಮೇಲೆ ಅಗ್ಗ, ಆದರೆ ಆ ಅಗ್ಗದ ಬೆಲೆಯನ್ನು ತೆರುವವರು ಬೇರೆ. ಅಮೆರಿಕದ ಪೋರ್ಟ್ಸ್‌ಮತ್‌ನಲ್ಲಿ 1923ರ ಮೆಮೋರಿಯಲ್ ಸೇತುವೆಯನ್ನು 2011ರಲ್ಲಿ ಮುಚ್ಚಿ, 2013ರಲ್ಲಿ ಅದೇ ಜಾಗದಲ್ಲಿ ಹೊಸದನ್ನು ತೆರೆದರು. ಕಾರುಗಳಿಗೆ ಹತ್ತಿರದಲ್ಲೇ ಬೇರೆ ಸೇತುವೆಗಳಿದ್ದವು. ನಡೆಯುವವರಿಗೆ, ಸೈಕಲ್ಲಿನವರಿಗೆ ಇದ್ದದ್ದು ಅದೊಂದೇ. ಅಂದಾಜುಪಟ್ಟಿ ಮಾಡುವಾಗ ಅಂಥವರ ಎರಡು ವರ್ಷವನ್ನೂ ಖರ್ಚಿನ ಕಾಲಮ್ಮಿನಲ್ಲಿ ಬರೆಯಿರಿ. ಅಂದಾಜುಪಟ್ಟಿಯ ಬಗ್ಗೆಯೂ ಒಂದು ಮಾತು. ಕೆನಡಾದ ವಿಕ್ಟೋರಿಯಾ ಬಂದರಿನಲ್ಲಿ 1924ರ ಜಾನ್ಸನ್ ಸ್ಟ್ರೀಟ್ ಸೇತುವೆಯನ್ನು ಬದಲಿಸಲು 2009ರಲ್ಲಿ ಹೊರಟಾಗ 6.3 ಕೋಟಿ ಕೆನಡಿಯನ್ ಡಾಲರ್ ಎಂದಿದ್ದರು. 2018ರಲ್ಲಿ ತೆರೆಯುವ ಹೊತ್ತಿಗೆ ಅದು 10.5 ಕೋಟಿಯಾಗಿತ್ತು, ಮೊದಲಿನ ಯೋಚನೆಯಲ್ಲಿದ್ದ ರೈಲುದಾರಿಯನ್ನು ಕೈಬಿಟ್ಟ ಮೇಲೂ. ತೆರೆಯುವ ಸೇತುವೆ ಎಂಬುದು ಕಪಾಟಿನಿಂದ ತೆಗೆದು ಕೊಡುವ ಸಾಮಾನಲ್ಲ, ಪ್ರತಿಯೊಂದೂ ಹೊಸದಾಗಿ ಹುಟ್ಟುವ ಯಂತ್ರ. ಮೊದಲ ಅಂದಾಜು ಚಿಕ್ಕದಿದ್ದರೆ ಮಂಜೂರಾತಿ ಸುಲಭ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ನಿಜವಾದ ಅಂಕಿಯನ್ನು ಮೊದಲೇ ಹೇಳಿದರೆ ಜನ ಬೈಯಬಹುದು, ಮೋಸವಾಯಿತು ಎನ್ನುವುದಿಲ್ಲ.

ಹೊಸ ಯಂತ್ರಕ್ಕೆ ಹೊಸ ಹವಾಮಾನವೂ ಕಾದಿದೆ. 2024ರ ಜುಲೈ 8ರಂದು ನ್ಯೂಯಾರ್ಕಿನ ಥರ್ಡ್ ಅವೆನ್ಯೂ ತಿರುಗುಸೇತುವೆ ಹಡಗಿಗೆ ದಾರಿಬಿಟ್ಟ ಮೇಲೆ ಮುಚ್ಚಿಕೊಳ್ಳಲಿಲ್ಲ. ಬಿಸಿಲಿಗೆ ಉಕ್ಕು ಹಿಗ್ಗಿ ಸಿಕ್ಕಿಕೊಂಡಿತ್ತು. ದೋಣಿಗಳಿಂದ ನೀರು ಚಿಮ್ಮಿಸಿ ತಣಿಸಬೇಕಾಯಿತು. ಅನೇಕ ಬಾಸ್ಕ್ಯೂಲ್ ಸೇತುವೆಗಳಲ್ಲಿ ಪ್ರತಿಭಾರ ಇಳಿಯುವ ಗುಂಡಿ ಕಂಬದೊಳಗೆ ಇರುತ್ತದೆ. ಸಮುದ್ರದ ಮಟ್ಟ ಏರುತ್ತಿರುವಾಗ ಆ ಗುಂಡಿಗೆ ನೀರು ನುಗ್ಗದಂತೆ ಎಷ್ಟು ಎತ್ತರದಲ್ಲಿ ಕಟ್ಟಬೇಕು ಎಂಬುದು ಅಡಿಪಾಯ ಹಾಕುವ ಮುನ್ನವೇ ಗೊತ್ತಾಗಬೇಕು. ನೀರು ತುಂಬಿದ ಗುಂಡಿಯಲ್ಲಿ ಪ್ರತಿಭಾರ ಮುಳುಗಿದರೆ ಅದರ ತೂಕವೇ ಬದಲಾದಂತೆ, ಆಮೇಲೆ ತಕ್ಕಡಿ ತಕ್ಕಡಿಯಾಗಿ ಉಳಿಯುವುದಿಲ್ಲ.

ಕಂಬಗಳಿಗೆ ಹಡಗು ಬಡಿಯದಂತೆ ಕಾಪಾಡುವ ತಡೆಗಳನ್ನು ಖರ್ಚು ಉಳಿಸುವ ಪಟ್ಟಿಯಲ್ಲಿ ಎಂದೂ ಸೇರಿಸಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. 2024ರ ಮಾರ್ಚ್ 26ರ ನಸುಕಿನಲ್ಲಿ ಬಾಲ್ಟಿಮೋರ್ ಬಂದರಿನಲ್ಲಿ ವಿದ್ಯುತ್ ಕಳೆದುಕೊಂಡ ಕಂಟೇನರ್ ಹಡಗೊಂದು ಕಂಬಕ್ಕೆ ಬಡಿದು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಕ್ಷಣಗಳಲ್ಲಿ ಕುಸಿದದ್ದನ್ನು ಜಗತ್ತೆಲ್ಲ ನೋಡಿತು. ರಸ್ತೆಯ ಗುಂಡಿ ಮುಚ್ಚುತ್ತಿದ್ದ ಆರು ಕೂಲಿಕಾರರು ಸತ್ತರು. 1975ರ ಜನವರಿ 5ರಂದು ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲೂ ಹೀಗೆಯೇ ಅದಿರು ತುಂಬಿದ ಹಡಗು ಟ್ಯಾಸ್ಮನ್ ಸೇತುವೆಗೆ ಬಡಿದು ಹನ್ನೆರಡು ಜನ ಸತ್ತಿದ್ದರು. ಸೇತುವೆ ಮತ್ತೆ ತೆರೆದದ್ದು 1977ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ಊರು ಎರಡು ತುಂಡಾಗಿತ್ತು, ಆಸ್ಪತ್ರೆಗಳು ಒಂದು ದಡದಲ್ಲಿ, ಸಾವಿರಾರು ಮನೆಗಳು ಇನ್ನೊಂದು ದಡದಲ್ಲಿ. ಇವೆರಡೂ ತೆರೆಯುವ ಸೇತುವೆಗಳಲ್ಲ. ನಮ್ಮಂಥ ಸೇತುವೆಗಳಲ್ಲಿ ಹಡಗು ಕಂಬಗಳ ನಡುವಿನ ಕಿರಿದಾದ ದಾರಿಯಲ್ಲೇ ತೂರಿ ಹೋಗಬೇಕು, ಅಪಾಯ ಇನ್ನೂ ಹತ್ತಿರ.

ಸೇತುವೆಯನ್ನು ತೆರೆಯುವ ಮನುಷ್ಯನ ಬಗ್ಗೆ ಯೋಜನೆಗಳಲ್ಲಿ ಒಂದು ಸಾಲೂ ಇರುವುದಿಲ್ಲ. ಕ್ಯಾಮೆರಾ ಹಾಕಿ ದೂರದ ಕೋಣೆಯಿಂದ ನಾಲ್ಕು ಸೇತುವೆಗಳನ್ನು ಒಬ್ಬನೇ ನಡೆಸಬಹುದು ಎಂಬ ಸಲಹೆ ಬಂದೇ ಬರುತ್ತದೆ. 2022ರ ಫೆಬ್ರುವರಿಯಲ್ಲಿ ಫ್ಲಾರಿಡಾದಲ್ಲಿ ಸೈಕಲ್ ತಳ್ಳಿಕೊಂಡು ದಾಟುತ್ತಿದ್ದ ವೃದ್ಧೆಯೊಬ್ಬರು ಸೇತುವೆಯ ಮೇಲೆ ಇರುವಾಗಲೇ ಅದು ಏಳತೊಡಗಿತು. ತೆರೆದುಕೊಳ್ಳುತ್ತಿದ್ದ ಅಂಚಿನಿಂದ ಅವರು ಬಿದ್ದು ಸತ್ತರು. ಅಲ್ಲಿ ಸೇತುವೆಯ ಮೇಲೇ ನಿರ್ವಾಹಕಿ ಇದ್ದರು, ಆದರೂ ಹೀಗಾಯಿತು. ಆ ಸುದ್ದಿ ಓದಿದ ರಾತ್ರಿ ನಾನು ಊಟ ಮಾಡಲಿಲ್ಲ. ಗುಂಡಿ ಒತ್ತುವ ಮುನ್ನ ಹೊರಗೆ ಬಂದು ಎರಡೂ ಕಡೆ ನೋಡುವ ಅಭ್ಯಾಸವನ್ನು ನನಗೆ ಕಲಿಸಿದ ಹಿರಿಯರು ಒಬ್ಬರಿದ್ದರು, ಅವರ ಬೈಗುಳಗಳೆಲ್ಲ ನೆನಪಾದವು. ನಿರ್ವಾಹಕನ ಕೋಣೆಯಿಂದ ರಸ್ತೆಯ ಪ್ರತಿ ಅಡಿಯೂ ಕಣ್ಣಿಗೆ ಕಾಣುವಂತಿರಲಿ. ನಡೆಯುವವರಿಗೂ ಗೇಟು ಇರಲಿ, ವಾಹನಗಳಿಗೆ ಮಾತ್ರ ಸಾಲದು. ಪಾದಚಾರಿ ಇನ್ನೂ ಒಳಗಿದ್ದರೆ ಯಂತ್ರವೇ ಕದಲದಂತೆ ವ್ಯವಸ್ಥೆ ಇರಲಿ. ಕ್ಯಾಮೆರಾಗಳು ಇದಕ್ಕೆ ಜೊತೆಯಾಗಿ ಇದ್ದರೆ ಬಹಳ ಒಳ್ಳೆಯದು.

ಕಟ್ಟುವ ಹಣದ ಜೊತೆಗೇ ನಿರ್ವಹಣೆಯ ಹಣವನ್ನೂ ಬೇರೆಯಾಗಿ ತೆಗೆದಿಡಿ. ಗ್ರೀಸಿಗೆ, ಉಕ್ಕಿನ ಹಗ್ಗಗಳಿಗೆ, ಬಿಡಿಭಾಗಗಳಿಗೆ, ಕಲಿಯಲು ಬರುವ ಹುಡುಗರ ಸಂಬಳಕ್ಕೆ. ಹಳೆಯ ಸೇತುವೆ ಇಷ್ಟು ಬೇಗ ಸೋತದ್ದಕ್ಕೆ ಉಪ್ಪುಗಾಳಿಯಷ್ಟೇ ಕಾರಣವಲ್ಲ. ಒಂದೊಂದು ಟಿನ್ ಗ್ರೀಸಿಗೆ ತಿಂಗಳುಗಟ್ಟಲೆ ಕಡತ ಓಡಾಡಿದ ವರ್ಷಗಳೂ ಕಾರಣ.

ಹಳೆಯದನ್ನು ಏನು ಮಾಡಬೇಕು ಎಂಬುದು ನನ್ನ ಮನಸ್ಸಿಗೆ ನೋವಿನ ವಿಷಯ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ರಾಟರ್‌ಡ್ಯಾಮ್‌ನಲ್ಲಿ 1927ರ ರೈಲು ಸೇತುವೆಯ ಕೆಲಸ 1993ರಲ್ಲಿ ಸುರಂಗ ಬಂದ ಮೇಲೆ ಮುಗಿಯಿತು, ಆದರೆ ಜನ ಕೇಳಿಕೊಂಡದ್ದರಿಂದ ಅದು ಸ್ಮಾರಕವಾಗಿ ಉಳಿಯಿತು. ಎಲ್ಲ ಊರಿಗೂ ಅದು ಸಾಧ್ಯವಿಲ್ಲ, ಹಡಗಿನ ದಾರಿಗೆ ಅಡ್ಡವಾದರೆ ತೆಗೆಯಲೇಬೇಕು. ತೆಗೆಯುವಾಗ ಹಳೆಯ ಬಣ್ಣದಲ್ಲಿನ ಸೀಸ ನೀರಿಗೆ ಬೀಳದಂತೆ ನೋಡಿಕೊಳ್ಳಿ. ಒಂದು ಹಲ್ಲುಚಕ್ರವನ್ನಾದರೂ ದಡದ ಮೇಲೆ, ಮಕ್ಕಳು ಮುಟ್ಟಿ ನೋಡುವಂಥ ಕಡೆ ಇಡಿ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಹಡಗಿಗೆ ದಾರಿ ತೋರಿಸುವ ಪೈಲಟ್‌ಗಳು, ಟಗ್ಗಿನವರು, ಮೀನುಗಾರರು, ಬಸ್ ಚಾಲಕರು, ಆಂಬುಲೆನ್ಸಿನವರು, ಏರುದಾರಿ ಬೀಳಬಹುದಾದ ಬೀದಿಗಳ ನಿವಾಸಿಗಳು, ಎಲ್ಲರನ್ನೂ ಒಂದೇ ಸಭೆಗೆ ಕರೆಯಿರಿ, ಬೇರೆ ಬೇರೆ ಸಭೆಗಳಿಗಲ್ಲ. ಒಬ್ಬರು ಇನ್ನೊಬ್ಬರ ಕಷ್ಟವನ್ನು ಎದುರಿಗೇ ಕೇಳಲಿ. ಸಭೆಗೆ ಮುಂಚೆ ಮೂರು ಎತ್ತರಗಳನ್ನು ಆರಿಸಿ, ಆ ಮೂರರ ಏರುದಾರಿಗಳು ಎಲ್ಲಿಂದ ಶುರುವಾಗುತ್ತವೆ ಎಂಬುದನ್ನು ರಸ್ತೆಯ ಮೇಲೆ ಬಣ್ಣದಿಂದ ಗೆರೆ ಎಳೆದು ತೋರಿಸಿ. ನಕ್ಷೆ ಓದಲು ಬಾರದವರಿಗೂ ಗೆರೆ ಅರ್ಥವಾಗುತ್ತದೆ. ಪ್ರತಿ ಎತ್ತರಕ್ಕೂ ವರ್ಷಕ್ಕೆ ಎಷ್ಟು ಸಲ ತೆರೆಯಬೇಕಾಗುತ್ತದೆ ಎಂಬ ಲೆಕ್ಕವನ್ನು ಗೆರೆಯ ಪಕ್ಕದಲ್ಲೇ ಬರೆಯಿರಿ.

ಆ ಲೆಕ್ಕಕ್ಕೆ ಬೇಕಾದ ಲಾಗ್ ಪುಸ್ತಕಗಳು ಯಂತ್ರಕೋಣೆಯ ಎಡಗಡೆಯ ಕಬ್ಬಿಣದ ಕಪಾಟಿನಲ್ಲಿವೆ. ಕೆಳಗಿನ ಅರೆಯಲ್ಲಿರುವ ಹಳೆಯವು ತೇವಕ್ಕೆ ಅಂಟಿಕೊಂಡಿವೆ, ಹಾಳೆಗಳನ್ನು ನಿಧಾನವಾಗಿ ಬಿಡಿಸಬೇಕು. ಯಾರ ಕೈಬರಹವಾದರೂ ಓದಲು ಬಾರದಿದ್ದರೆ ಹೇಳಿಕಳುಹಿಸಿ. ಅವುಗಳಲ್ಲಿ ಬಹುಪಾಲು ನಾನು ಬಲ್ಲವರದು, ಬಂದು ಓದಿ ಕೊಡುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಬಂದರಿನ ಸೇತುವೆಯ ನಿವೃತ್ತ ನಿರ್ವಾಹಕ